ಒಳಗಿನ ಚಿಲಕ

ನಮ್ಮ ಯಜಮಾನರ ಬಾಯಲ್ಲಿ "ಇಲ್ಲ" ಅನ್ನುವ ಮಾತು ಬರುತ್ತಿರಲಿಲ್ಲ. ತರಕಾರಿಯವನು ಎರಡು ಕೊಳೆತ ಟೊಮೇಟೊ ಸೇರಿಸಿ ತೂಗಿದರೂ ಹೂಂ. ಮುಂಬೈಯ ಲೋಕಲ್ ರೈಲಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನು ಬಂದು ಸ್ವಲ್ಪ ಸರಿಯಿರಿ ಅಂದರೂ ಹೂಂ, ಅವನ ಹಿಂದೆ ಐದನೆಯವನು ಬಂದರೂ ಹೂಂ. ಮೈಸೂರಿನಲ್ಲಿ ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಒಪ್ಪಿಗೆಯೇನಪ್ಪಾ ಎಂದು ಕೇಳಿದ್ದಕ್ಕೂ ಇವರು ಹೂಂ ಅಂದಿದ್ದರು. ಅದು ನನ್ನನ್ನು ನೋಡಿ ಅಂದದ್ದೋ ಅಭ್ಯಾಸಬಲದಿಂದ ಅಂದದ್ದೋ ಅನ್ನುವ ಅನುಮಾನ ನನಗೆ ಬಹಳ ದಿನ ಇತ್ತು.

ಇವರಿಗೆ ಒಂದು ಚಹಾ ಕಂಪನಿಯ ಪ್ರಚಾರದ ವಿಭಾಗದಲ್ಲಿ ಕೆಲಸ. ಹುಟ್ಟಿದಾಗಿನಿಂದ ಕಾಫಿ ಕುಡಿದು ಬೆಳೆದ ಈ ಮನುಷ್ಯ ಮರಾಠಿ ಹಳ್ಳಿಗಳಿಗೆ ಹೋಗಿ ಜನರಿಗೆ ಚಹಾ ಕುಡಿಯುವುದನ್ನು ಕಲಿಸಿ ಬರಬೇಕಿತ್ತು. ಅದಕ್ಕೊಂದು ವ್ಯಾನು. ದಸರೆ ಕಳೆದ ಮೇಲೆ ಹೊರಟರೆ ಮೇ ತಿಂಗಳವರೆಗೂ ಊರೂರು ತಿರುಗುತ್ತಿತ್ತು. ಸಂತೆಯ ಮೈದಾನದಲ್ಲಿ ನಿಲ್ಲುವುದು, ಲೌಡ್‌ಸ್ಪೀಕರಿನಲ್ಲಿ ಹಾಡು ಹಾಕುವುದು, ಬಂದವರಿಗೆಲ್ಲ ಪುಕ್ಕಟೆ ಚಹಾ ಕೊಡುವುದು. ಮಳೆ ಶುರುವಾದರೆ ಹಳ್ಳಿ ರಸ್ತೆಗಳೆಲ್ಲ ಕೆಸರು. ಆಗ ವ್ಯಾನು ಗೋರೆಗಾಂವ್‌ನ ಗೋಡೌನಿನಲ್ಲಿ ನಾಲ್ಕು ತಿಂಗಳು ಸುಮ್ಮನೆ ನಿಂತಿರುತ್ತಿತ್ತು. ಕಂಪನಿಯವರು ಅದನ್ನು ಆಫ್ ಸೀಸನ್ ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಮಾತ್ರ ಹನ್ನೆರಡು ತಿಂಗಳೂ ಆಫ್ ಸೀಸನ್ನೇ. ಮುಲುಂಡಿನಲ್ಲಿ ಸಾಲುಕೋಣೆಗಳ ಒಂದು ಚಾಳಿನ ಎರಡನೇ ಮಾಳಿಗೆ, ಒಂದು ಕೋಣೆ, ಒಂದು ಅಡುಗೆಮನೆ. ನಮ್ಮತ್ತೆ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಭಾವ, ಅವರ ಹೆಂಡತಿ ಅಂದರೆ ನಾನು ಅಕ್ಕ ಎಂದು ಕರೆಯುತ್ತಿದ್ದ ನನ್ನ ಓರಗಿತ್ತಿ, ಅವರ ಇಬ್ಬರು ಮಕ್ಕಳು, ಮೇಲೆ ನಾವಿಬ್ಬರು. ಎರಡು ಜೋಡಿಗೆ ಮಲಗಲು ಇದ್ದ ಅಡುಗೆಮನೆ ಒಂದೇ ಆದ್ದರಿಂದ ಸರದಿ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಗೊತ್ತುಮಾಡಿದ್ದಲ್ಲ. ಸೋಮವಾರ ಅಕ್ಕ ತನ್ನ ಹಾಸಿಗೆ ಸುರುಳಿ ಒಳಗೆ ಇಟ್ಟರೆ ಮಂಗಳವಾರ ನಾನು ಇಡಬೇಕು, ಅಷ್ಟೆ. ಆ ಅಡುಗೆಮನೆಗೆ ಬಾಗಿಲಿರಲಿಲ್ಲ. ಅತ್ತೆಯವರ ಹಳೇ ಸೀರೆಯೊಂದರ ಪರದೆ ಇತ್ತು. ಬೆಳಗಿನ ಜಾವ ನಾಲ್ಕೂವರೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು, ನಲ್ಲಿ ಇದ್ದದ್ದು ಅಡುಗೆಮನೆಯಲ್ಲಿ. ನಾಲ್ಕು ಹೊಡೆಯುತ್ತಲೇ ಅತ್ತೆ ಎದ್ದು ಮಡಿಯುಟ್ಟು, ಪರದೆಯ ಆಚೆ ನಿಂತು, ಒಂದು ಸಲ ಗಟ್ಟಿಯಾಗಿ ಕೆಮ್ಮುತ್ತಿದ್ದರು. ಆಗ ಊರ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿರುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೆಲಸವನ್ನು ಮುನಿಸಿಪಾಲಿಟಿಯ ನಲ್ಲಿ ಅಚ್ಚುಕಟ್ಟಾಗಿ ಮಾಡಿಕೊಂಡು ಹೋಗುತ್ತಿತ್ತು.

ಮದುವೆಯಾಗಿ ಒಂದೂವರೆ ವರ್ಷ ಕಳೆದಿತ್ತು. ನನಗೆ ತಲೆ ಚಿಟ್ಟು ಹಿಡಿದಿತ್ತು. ಅತ್ತೆಯವರ ಮೇಲೆ ನನಗೇನೂ ಸಿಟ್ಟಿರಲಿಲ್ಲ. ನನ್ನ ಕೋಪವೆಲ್ಲ ಓರಗಿತ್ತಿಯ ಮೇಲೆ. ಅವಳು ಒಳ್ಳೆಯವಳೇ, ಆದರೆ ಮುಖದಲ್ಲಿ ಒಂದು ನಗು ಇಲ್ಲ, ಬಾಯಲ್ಲಿ ಒಂದು ಮಾತಿಲ್ಲ. ನಮ್ಮ ಸರದಿಯ ದಿನ ಸಾರಿನ ಪಾತ್ರೆ ತೊಳೆಯುವುದಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ. ನಾವು ಇಲ್ಲಿರುವುದು ಅವಳಿಗೆ ಬೇಕಾಗಿದೆ, ಎರಡು ಕೈ ಹೆಚ್ಚಿಗೆ ಸಿಕ್ಕಿವೆ, ಬಿಡುತ್ತಾಳೆಯೇ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಬೇರೆ ಮನೆ ಮಾಡೋಣ ಎಂದು ಇವರಿಗೆ ನಾಲ್ಕು ಸಲ ಹೇಳಿದ್ದೆ, ನಾಲ್ಕು ಸಲವೂ ಹೂಂ ಅಂದಿದ್ದರು.

ಅಷ್ಟರಲ್ಲಿ ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಿಂದ ನನಗೊಂದು ಕಾಗದ ಬಂತು. ಮದುವೆಗೆ ಮುಂಚೆ ಹಾಕಿದ್ದ ಅರ್ಜಿ, ನಾನು ಮರೆತೇಬಿಟ್ಟಿದ್ದೆ. ಟೀಚರ್ ಕೆಲಸ ಖಾಲಿ ಇದೆ, ಬರುವುದಾದರೆ ತಿಂಗಳ ಕೊನೆಯೊಳಗೆ ತಿಳಿಸಿ ಎಂದು ಬರೆದಿದ್ದರು. ತವರುಮನೆಯ ನನ್ನ ಕೋಣೆ ಕಣ್ಣ ಮುಂದೆ ಬಂತು, ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಯಾರಿಗೂ ಹೇಳದೆ ಬರುತ್ತೇನೆ ಎಂದು ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು, ಅಂಟಿಸಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅಂಚೆಡಬ್ಬಿಗೆ ಹಾಕುವುದೊಂದು ಬಾಕಿ. ಹಾಕಿದರೆ ಸಂಸಾರ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇನ್ನೂ ಹಾಕಿರಲಿಲ್ಲ.

ಅದೇ ವಾರ ಇವರು ಒಂದು ಸುದ್ದಿ ತಂದರು. ವ್ಯಾನಿನ ಎಂಜಿನ್ನು ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ರಿಪೇರಿಯಾಗಿದೆ, ಘಾಟಿ ಹತ್ತಿಸಿ ಓಡಿಸಿ ನೋಡಬೇಕು, ಡ್ರೈವರು ನಾಟಿ ಕೆಲಸಕ್ಕೆಂದು ಊರಿಗೆ ಹೋಗಿದ್ದಾನೆ, ಮ್ಯಾನೇಜರು ಇವರನ್ನೇ ತೆಗೆದುಕೊಂಡು ಹೋಗಿ ಅಂದಿದ್ದಾರೆ. ಗುರುವಾರ ಹೊರಟು ಸೋಮವಾರ ಬಂದರೆ ಸಾಕು. ಬೇಕಾದರೆ ಮನೆಯವರನ್ನೂ ಕರೆದುಕೊಂಡು ಹೋಗಿ ಅಂದರಂತೆ. ಭಂಡಾರದರಾ ಕೆರೆಯ ದಂಡೆಯಲ್ಲಿ ವ್ಯಾನು ನಿಲ್ಲಿಸಿಕೊಂಡು ಅದರಲ್ಲೇ ಇರೋಣ, ಬೆಟ್ಟ ಸುತ್ತೋಣ, ಮಳೆಗಾಲದಲ್ಲಿ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂದು ಇವರು ಪರದೆಯ ಈಚೆ ಪಿಸುಗುಟ್ಟಿದರು. ನಾಲ್ಕು ದಿನ, ನಾವಿಬ್ಬರೇ. ಸರಿ, ಈ ನಾಲ್ಕು ದಿನದಲ್ಲಿ ಇವರ ಬಾಯಿಂದ ಬೇರೆ ಮನೆಯ ಮಾತು ಗಟ್ಟಿಮಾಡಿಸಿಕೊಳ್ಳುತ್ತೇನೆ, ಆಗಲಿಲ್ಲವೋ ಕಾಗದ ಡಬ್ಬಿಗೆ ಹೋಗುತ್ತದೆ ಎಂದು ತೀರ್ಮಾನ ಮಾಡಿ ಅದನ್ನು ಟ್ರಂಕಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

ಒಂದು ಕೆಲಸ ಮಾತ್ರ ಹೇಳಿದ್ದೆ. ವ್ಯಾನಿನ ಹಿಂಬಾಗಿಲಿಗೆ ಒಳಗಡೆ ಒಂದು ಚಿಲಕ ಹಾಕಿಸಿ ಎಂದು. ಅದು ಸಾಮಾನು ತುಂಬುವ ಬಾಗಿಲು, ಒಳಗೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಇವರು ಬೈಕುಲ್ಲಾಕ್ಕೆ ಹೋಗಿ ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ, ಒಳಗ್ಯಾಕೆ ಸಾಹೇಬ್ ಎಂದು ಕೇಳಿದನಂತೆ. ಇವರಿಗೆ ನಾಚಿಕೆ. ಗಾಳಿ, ಗಾಳಿ ಜಾಸ್ತಿ, ಬಾಗಿಲು ಹೊಡೆದುಕೊಳ್ಳುತ್ತೆ ಅಂದರು. ಹಾಗಾದರೆ ಹೊರಗೇ ಭದ್ರ ಎಂದು ಅವನು ಹೇಳಿದ, ಇವರು ಹೂಂ ಅಂದರು. ಅಂಗೈಯಗಲದ ಕಬ್ಬಿಣದ ಚಿಲಕವೊಂದು ಬಾಗಿಲಿನ ಹೊರಮೈಗೆ ಬಂದು ಕೂತಿತು.

ಗುರುವಾರ ಬೆಳಿಗ್ಗೆ ವ್ಯಾನು ನಮ್ಮ ಚಾಳಿನ ಕೆಳಗೆ ಬಂದು ನಿಂತಾಗ ಮೂರು ಮಾಳಿಗೆಯ ಜನವೂ ಕಟಕಟೆಗೆ ಬಂದು ಬಗ್ಗಿ ನೋಡಿದರು. ವ್ಯಾನಿನ ಎರಡೂ ಮಗ್ಗುಲಿಗೆ ಆಳೆತ್ತರದ ಹೆಂಗಸೊಬ್ಬಳ ಚಿತ್ರ, ಕೈಯಲ್ಲಿ ಹೊಗೆಯಾಡುವ ಕಪ್ಪು-ಬಸಿ, ಹಲ್ಲೆಲ್ಲ ಕಾಣುವಂಥ ನಗು. ಈ ಹೆಂಗಸಿನ ಜೊತೆ ಇವರು ವರ್ಷಕ್ಕೆ ಎಂಟು ತಿಂಗಳು ತಿರುಗುತ್ತಾರಲ್ಲ ಎಂದು ನನಗೆ ಅವತ್ತೇ ಮೊದಲು ಹೊಟ್ಟೆಯುರಿದದ್ದು. ಅತ್ತೆ ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಹುರಿಗಾಳು ಕಟ್ಟಿಕೊಟ್ಟರು. ಕಟ್ಟಿಕೊಡುತ್ತ, ಜಾಗ ಇದೆಯಲ್ಲ, ಮಕ್ಕಳೂ ಬರಬಹುದಿತ್ತು ಅಂದರು. ಇವರು ಬಾಯಿ ತೆರೆದರು. ಹೂಂ ಹೊರಬೀಳುವುದೊಂದು ಬಾಕಿ, ಅಷ್ಟರಲ್ಲಿ ಓರಗಿತ್ತಿ ಅಡ್ಡಬಂದಳು. ಮಕ್ಕಳಿಗೆ ಶೀತ, ಎಲ್ಲಿಗೂ ಬೇಡ, ನೀವು ಹೊರಡಿ ಹೊರಡಿ ಎಂದು ನಮ್ಮನ್ನು ಹೆಚ್ಚುಕಡಿಮೆ ನೂಕಿಯೇ ಕಳಿಸಿದಳು. ಮಕ್ಕಳ ಮೂಗು ನೋಡಿದೆ, ಶೀತವೇನೂ ಕಾಣಲಿಲ್ಲ. ಆಗ ಅದರ ಬಗ್ಗೆ ಯೋಚನೆ ಮಾಡುವಷ್ಟು ಪುರುಸೊತ್ತು ನನಗೆಲ್ಲಿತ್ತು.

ಠಾಣೆ ದಾಟಿತು, ಕಸಾರಾ ಘಾಟಿ ಹತ್ತಿತು. ಮಂಜಿನೊಳಗೆ ರಸ್ತೆಯೇ ಕಾಣದು, ಎಲ್ಲಿ ನೋಡಿದರೂ ಕಲ್ಲಿನ ಮೇಲಿಂದ ನೀರು ಸುರಿಯುತ್ತಿತ್ತು. ಇವರು ಸ್ಟಿಯರಿಂಗು ಹಿಡಿದು ಹಾಡು ಗುನುಗುತ್ತಿದ್ದರು. ಮನೆಯಲ್ಲಿ ಈ ಮನುಷ್ಯ ಹಾಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಇಗತ್‌ಪುರಿಯಲ್ಲಿ ಇಳಿದು ಬಿಸಿ ಬಟಾಟೆವಡಾ ತಿಂದೆವು, ಒಬ್ಬರ ಕೈಯದು ಒಬ್ಬರು ಕಿತ್ತುಕೊಂಡು. ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಬಿಡು, ಮೈಸೂರೂ ಬೇಡ ಏನೂ ಬೇಡ ಅನ್ನಿಸಿತು.

ಭಂಡಾರದರಾದಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. ಪ್ರವಾಸಿಗಳ ಕಾಲವಲ್ಲ, ಇದ್ದ ಒಂದೆರಡು ಹೋಟೆಲುಗಳಿಗೂ ಹಲಗೆ ಬಡಿದಿದ್ದರು. ಕೆರೆ ತುಂಬಿಕೊಂಡು ಬೂದಿಬಣ್ಣಕ್ಕೆ ತಿರುಗಿತ್ತು, ಆಚೆ ದಂಡೆಯ ಬೆಟ್ಟಗಳು ಒಂದು ಗಳಿಗೆ ಕಂಡು ಇನ್ನೊಂದು ಗಳಿಗೆ ಮೋಡದೊಳಗೆ ಹೋಗುತ್ತಿದ್ದವು. ಅಣೆಕಟ್ಟಿನ ಚೌಕಿದಾರರೊಬ್ಬರು ಬಂದು ಇವರಿಗೆ ಸಲಾಮು ಹೊಡೆದರು, ನೀರಿನ ಪಕ್ಕದಲ್ಲೇ ಗಟ್ಟಿ ನೆಲ ತೋರಿಸಿದರು. ವ್ಯಾನಿನ ಒಳಗೆ ಎರಡು ಉದ್ದನೆಯ ಬೆಂಚುಗಳು. ಅವನ್ನು ಜೋಡಿಸಿ ಹಾಸಿಗೆ ಮಾಡಿದೆ. ಪಂಪ್ ಸ್ಟವ್ ಇತ್ತು, ಪಾತ್ರೆ ಇತ್ತು, ಕಂಪನಿಯ ಚಹಾಪುಡಿ ಡಬ್ಬಿಗಟ್ಟಲೆ ಇತ್ತು. ನಾನು ಮನೆಯಿಂದ ಕಾಫಿಪುಡಿ ಕದ್ದು ತಂದಿದ್ದೆ. ಕೆರೆ ನೋಡುತ್ತ ಕಾಫಿ ಕುಡಿದೆವು. ಹಿಂಬಾಗಿಲಿಗೆ ಒಳಗೆ ಚಿಲಕವಿಲ್ಲದ್ದು ಆಗ ಗೊತ್ತಾಯಿತು. ಬೈಯ್ಯಬೇಕೆಂದಿದ್ದವಳಿಗೆ ನಗು ಬಂತು. ನನ್ನ ಲಂಗದ ಲಾಡಿ ಬಿಚ್ಚಿ ಬಾಗಿಲ ಹಿಡಿಗೂ ಬೆಂಚಿನ ಕಾಲಿಗೂ ಬಿಗಿದು ಕಟ್ಟಿದೆ. ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ನಾಲ್ಕೂವರೆಗೆ ನಲ್ಲಿ ಬರಲಿಲ್ಲ, ಯಾರೂ ಕೆಮ್ಮಲಿಲ್ಲ, ಅಷ್ಟು ಹೇಳಿದರೆ ಸಾಕು.

ಬೆಳಿಗ್ಗೆ ಎಂಟರ ಹೊತ್ತಿಗೆ ಎಚ್ಚರವಾಯಿತು. ಲಾಡಿ ಬಿಚ್ಚಿ ಬಾಗಿಲು ನೂಕಿದರೆ ತೆಗೆಯಲೊಲ್ಲದು. ಇಬ್ಬರೂ ಸೇರಿ ನೂಕಿದರೂ ಇಲ್ಲ. ಹೊರಗಿನ ಚಿಲಕ ಬಿದ್ದಿದೆ ಎಂದು ಆಗ ಗೊತ್ತಾಯಿತು. ಆಮೇಲೆ ತಿಳಿದದ್ದು: ಚೌಕಿದಾರರು ಬೆಳಗಾಗೆದ್ದು ನೋಡಿ, ಸಾಹೇಬರು ಚಿಲಕ ಹಾಕುವುದು ಮರೆತಿದ್ದಾರೆ, ಇರಚಲು ಒಳಗೆ ಹೊಡೆದೀತು ಎಂದು ದಯೆಯಿಂದ ಹಾಕಿ ಹೋಗಿದ್ದರು. ಇವರು ಗಾಬರಿಯಾಗಬೇಡ ಎಂದು ಪಕ್ಕದ ಹಲಗೆ ಎತ್ತಿದರು. ಅದು ಚಹಾ ಕೊಡುವುದಕ್ಕೆಂದು ಮಾಡಿದ್ದ ಅಂಗಡಿಯಂಥ ಕಿಟಕಿ, ಒಳಗಿಂದ ಮೇಲಕ್ಕೆ ಎತ್ತಿ ಕೋಲು ಕೊಟ್ಟು ನಿಲ್ಲಿಸುವುದು. ಕೂದಲು ಬಿಚ್ಚಿಕೊಂಡು, ಸೆರಗು ಒಂದು ಕಡೆ ತಾನೊಂದು ಕಡೆಯಾಗಿ, ನಾನು ಆ ಕಿಟಕಿಯಲ್ಲಿ ತಲೆ ಹಾಕಿದೆ. ಎದುರಿಗೆ ಐವತ್ತು ಜನರಿಗೆ ಕಡಿಮೆಯಿಲ್ಲ. ಮಳೆಗೆ ಎಲೆಯ ಗೊರಬು ಹೊದ್ದ ಗಂಡಸರು, ಮೊಣಕಾಲವರೆಗೆ ಕೆಸರಾದ ಹೆಂಗಸರು, ಎಲ್ಲರ ಕೈಯಲ್ಲೂ ಒಂದೊಂದು ಲೋಟ. ಸದ್ದಿಲ್ಲದೆ ಸಾಲಾಗಿ ನಿಂತಿದ್ದರು. ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಪಕ್ಕದಲ್ಲಿ ಬಣ್ಣದಲ್ಲಿ ನಗುತ್ತಿದ್ದ ಹೆಂಗಸನ್ನು ನೋಡಿದರು. ಯಾವಳು ವಾಸಿ ಎಂದು ತೂಗಿ ನೋಡಿದಂತಿತ್ತು.

ವಿಷಯ ಏನೆಂದರೆ, ಇವರು ಹಿಂದಿನ ಚಳಿಗಾಲದಲ್ಲಿ ಇದೇ ಕೆರೆಯ ಊರುಗಳಿಗೆ ಬಂದು ಒಂದು ವಾರ ಚಹಾ ಕೊಟ್ಟಿದ್ದರು. ಹೊರಡುವಾಗ ಊರವರು ಮತ್ತೆ ಬರುತ್ತೀರಾ ಎಂದು ಕೇಳಿದರು. ಇವರು ಏನಂದಿರಬೇಕೆಂದು ಹೇಳಬೇಕಾಗಿಲ್ಲ. ವ್ಯಾನು ಬಂದಿದೆ ಎಂದು ಚೌಕಿದಾರರು ಸುದ್ದಿ ಮುಟ್ಟಿಸಿದ್ದರು, ನಾಟಿಗೆ ಹೊರಟವರೆಲ್ಲ ಗದ್ದೆ ಬಿಟ್ಟು ಈ ಕಡೆ ತಿರುಗಿದ್ದರು. ಆ ಜನಕ್ಕೆ ಇವತ್ತು ರಜಾ, ಚಹಾ ಇಲ್ಲ ಎಂದು ಹೇಳಿಬಿಡಿ ಅಂದೆ. ಇವರು ಗುಂಪಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಸ್ಟವ್‌ಗೆ ಪಂಪ್ ಹೊಡೆಯಲು ಕೂತರು. ಸಾಲಿನಲ್ಲಿದ್ದ ಯಾರೋ ಹಿಂದೆ ಹೋಗಿ ಚಿಲಕ ತೆಗೆದರು. ಅವತ್ತು ನಾನು ಐದು ಹಂಡೆ ಚಹಾ ಮಾಡಿದೆ. ಮನೆಯಲ್ಲಿ ಏಳು ಜನಕ್ಕೆ ಮಾಡುವುದು ಕಷ್ಟವೆಂದು ಓಡಿಬಂದವಳು. ಒಬ್ಬಳು ಮುದುಕಿ ಮೂರನೇ ಲೋಟ ತೆಗೆದುಕೊಳ್ಳುತ್ತ, ಹೋದಸಲದ ಚಹಾ ಇದಕ್ಕಿಂತ ಗಟ್ಟಿಯಿತ್ತು ಅಂದಳು.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ಬೆಟ್ಟಕ್ಕಾದರೂ ಹೋಗೋಣ, ಅಲ್ಲಿಗೆ ಯಾರೂ ಲೋಟ ಹಿಡಿದು ಬರುವುದಿಲ್ಲ ಎಂದು ಇವರನ್ನು ಎಬ್ಬಿಸಿದೆ. ಹತ್ತು ಹೆಜ್ಜೆ ಇಟ್ಟಿದ್ದೇವೋ ಇಲ್ಲವೋ, ಊರಿನ ಒಬ್ಬ ಹಿರಿಯರು ಹಿಂದಿನಿಂದ ಬಂದರು. ಇಪ್ಪತ್ತೈದು ವರ್ಷ ಬೈಕುಲ್ಲಾದ ಗಿರಣಿಯಲ್ಲಿ ದುಡಿದು ಊರಿಗೆ ವಾಪಸಾದವರಂತೆ. ಮುಂಬೈ ಜನ ಎಂದು ನಮ್ಮ ಮೇಲೆ ವಿಶೇಷ ಪ್ರೀತಿ. ದಾರಿ ಜಾರುತ್ತದೆ, ನಾನು ತೋರಿಸುತ್ತೇನೆ ಅಂದರು. ಇವರು ಹೂಂ ಅಂದರು. ಆ ಪುಣ್ಯಾತ್ಮ ಮುಂದೆ ನಡೆದಿದ್ದರೆ ಸರಿ, ಹಿಂದೆ ಬಂದಿದ್ದರೂ ಸರಿ. ಉದ್ದಕ್ಕೂ ನಮ್ಮಿಬ್ಬರ ನಡುವೆಯೇ ನಡೆದರು. ಎಡಗಡೆ ತೊರೆ, ಬಲಗಡೆ ಸೊಂಟದವರೆಗೆ ಹುಲ್ಲು, ಕಾಲ ಕೆಳಗೆ ಹಾವಸೆ ಕಟ್ಟಿದ ಕಲ್ಲು, ನಡುವೆ ಗಿರಣಿಯ ಕಥೆ. ಮಕ್ಕಳೆಷ್ಟು ಎಂದು ಹಿಂದಿಯಲ್ಲಿ ಕೇಳಿದರು. ಇನ್ನೂ ಇಲ್ಲ ಎಂದು ನಾನು ಅಂದಾಗ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೇಲೊಂದು ದೇವಿಯ ಕಲ್ಲಿದೆ, ಕೈಮುಗಿ ಮಗಳೇ, ಆಗುತ್ತೆ ಅಂದರು. ದೇವಿಯನ್ನು ಕೇಳಬೇಕಾದ್ದು ಬೇರೆಯೇ ಇದೆ ಎಂದು ನಾನು ಹಲ್ಲು ಕಚ್ಚಿಕೊಂಡೆ.

ಬೆಟ್ಟದ ಮೇಲೆ ಆ ದೇವಿಯ ಕಲ್ಲಿಗೆ ಕೈಮುಗಿದದ್ದಾಯಿತು. ಹಿರಿಯರು ಬಂಡೆಯ ಮರೆಗೆ ಕೂತು ಬೀಡಿ ಹಚ್ಚಲು ಒದ್ದೆ ಬೆಂಕಿಪೊಟ್ಟಣದ ಜೊತೆ ಜಗಳಕ್ಕೆ ಬಿದ್ದರು. ಕೆಳಗೆ ಕೆರೆ ಪೂರಾ ಕಾಣುತ್ತಿತ್ತು, ದಂಡೆಯಲ್ಲಿ ನಮ್ಮ ವ್ಯಾನು, ಅದರ ಸುತ್ತ ಸಂಜೆಯ ಚಹಾಕ್ಕೆ ಆಗಲೇ ನೆರೆಯುತ್ತಿದ್ದ ಜನ. ನನಗೆ ಸಿಕ್ಕಿದ್ದು ಇದೊಂದೇ ಐದು ನಿಮಿಷ ಅನ್ನಿಸಿತು.

"ರೀ, ನಮಗೆ ಬೇರೆ ಮನೆ ಬೇಕು. ಈ ಸಲ ಹೂಂ ಅಂದ್ರೆ ಸಾಲದು. ಅಮ್ಮನಿಗೆ ಯಾವತ್ತು ಹೇಳ್ತೀರಿ, ಅದನ್ನ ಹೇಳಿ."

ಇವರು ಹುಲ್ಲು ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಅಮ್ಮನಿಗೆ ಹೇಗೆ ಹೇಳ್ಲಿ? ಅತ್ತಿಗೆ ಏನಂದ್ಕೋತಾರೆ? ಬಂದವಳು ಮನೆ ಒಡೆದಳು ಅಂತ ನಿನ್ನನ್ನೇ ಅಂತಾರೆ."

"ಹಾಗಾದ್ರೆ ನಾನು ಮೈಸೂರಿಗೆ ಹೋಗ್ತೀನಿ. ಅಲ್ಲಿ ಸ್ಕೂಲಲ್ಲಿ ಕೆಲಸ ಸಿಕ್ಕಿದೆ. ಬರ್ತೀನಿ ಅಂತ ಬರೆದಿದ್ದೂ ಆಗಿದೆ, ಪೋಸ್ಟ್ ಮಾಡೋದೊಂದೇ ಬಾಕಿ."

ಇವರು ಬೆರಳಿಗೆ ಸುತ್ತಿದ್ದ ಹುಲ್ಲನ್ನು ಬಿಚ್ಚಿ ಕೆಳಗೆ ಹಾಕಿದರು. ಬಯ್ಯುತ್ತಾರೆ, ಅಥವಾ ಬೇಡ ಅನ್ನುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ ಎಂದು ನಾನು ಕಾದೆ.

"ಹೂಂ," ಅಂದರು.

ಅಷ್ಟು ದೊಡ್ಡ ಬೆಟ್ಟದ ಮೇಲೆ ನಾನು ಗಟ್ಟಿಯಾಗಿ ಅತ್ತೆ. ನಾಚಿಕೆಯಿಲ್ಲದೆ ಅತ್ತೆ. ಹಿರಿಯರು ಬೀಡಿ ಬಿಟ್ಟು ಬಂದರು. ನಮ್ಮ ಕನ್ನಡ ಅವರಿಗೆ ಒಂದಕ್ಷರ ತಿಳಿಯದು. ದೇವಿ ಕೃಪೆ ಮಾಡಿದ್ದಾಳೆ, ಅಳು ಬಂದರೆ ಕೆಲಸವಾಯಿತೆಂದೇ ಲೆಕ್ಕ ಎಂದು ಇವರ ಬೆನ್ನು ತಟ್ಟಿದರು.

ಮಾರನೆಯ ಬೆಳಿಗ್ಗೆ ಸಕ್ಕರೆ ಮುಗಿಯಿತು. ಸಕ್ಕರೆಯಿಲ್ಲದ ಚಹಾ ವ್ಯಾನು ಅಲ್ಲಿ ನಿಂತಿರುವ ಹಾಗಿರಲಿಲ್ಲ. ನಾವಿಬ್ಬರೂ ಮಾತೂ ಆಡುತ್ತಿರಲಿಲ್ಲ. ಸೋಮವಾರ ಬರುತ್ತೇವೆ ಎಂದಿದ್ದವರು ಶನಿವಾರವೇ ಹೊರಟೆವು. ಊರವರು ಮತ್ತೆ ಬನ್ನಿ ಅಂದರು, ಇವರು ಹೂಂ ಅಂದರು. ಆ ಹೂಂ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಅಂದ ಹೂಂಗೂ ಊರವರಿಗೆ ಅಂದ ಹೂಂಗೂ ಒಂದು ಎಳ್ಳಿನಷ್ಟು ವ್ಯತ್ಯಾಸವಿಲ್ಲವಲ್ಲ, ಎಂಥ ಮನುಷ್ಯನನ್ನು ಕಟ್ಟಿಕೊಂಡೆ.

ಘೋಟಿಯ ಪೇಟೆಯಲ್ಲಿ ಒಂದು ಕೆಂಪು ಅಂಚೆಡಬ್ಬಿ ಕಂಡಿತು. ನಿಲ್ಲಿಸಿ, ಕಾಗದ ಹಾಕಬೇಕು ಅಂದೆ. ಇವರು ಹೂಂ ಅಂದರು, ವ್ಯಾನು ನಿಲ್ಲಲಿಲ್ಲ. ಬ್ರೇಕು ಹೊಸದು, ಮುಂದೆ ಇಗತ್‌ಪುರಿಯಲ್ಲಿ ನಿಲ್ಲಿಸುತ್ತೇನೆ ಅಂದರು. ಇಗತ್‌ಪುರಿಯಲ್ಲಿ ನಿಲ್ಲಿಸಿ ಅಂದೆ. ಹೂಂ ಅಂದರು, ಡಬ್ಬಿಯ ಪಕ್ಕದಲ್ಲೇ ಹಾದು ಘಾಟಿಗೆ ಇಳಿದುಬಿಟ್ಟರು. ಠಾಣೆಯಲ್ಲಿ ಮೂರನೇ ಸಲ ಹೇಳಿದೆ. ಹೂಂ ಅಂದರು, ಗೇರು ಬದಲಾಯಿಸಿ ಇನ್ನೂ ಜೋರಾಗಿ ಓಡಿಸಿದರು. ಸ್ಟಿಯರಿಂಗು ಹಿಡಿದ ಕೈಗಳ ಗೆಣ್ಣು ಬೆಳ್ಳಗಾಗಿದ್ದವು. ಈಗ ನೆನೆಸಿಕೊಂಡರೆ ನನಗೆ ಕಣ್ಣು ತುಂಬಿಬರುತ್ತದೆ. ಅವತ್ತು ನನಗೆ ಬಂದದ್ದು ಕೋಪವೊಂದೇ. ನಮ್ಮ ಚಾಳಿನ ಕೆಳಗಡೆಯೇ ಡಬ್ಬಿಯಿದೆ, ಚೀಲ ಮೇಲಿಟ್ಟು ಬಂದು ಹಾಕುತ್ತೇನೆ, ಯಾರು ತಡೆಯುತ್ತಾರೆ ನೋಡೋಣ ಎಂದು ಕೂತಿದ್ದೆ.

ನಾಲ್ಕು ಗಂಟೆಗೆ ಮೆಟ್ಟಿಲು ಹತ್ತಿದೆವು. ಮೇಲೆ ಬಂದು ನೋಡಿದರೆ ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ಚಾಳಿನಲ್ಲಿ ಇದ್ದವರಿಗೆ ಗೊತ್ತು: ಬೆಳಿಗ್ಗೆ ತೆರೆದ ಬಾಗಿಲು ರಾತ್ರಿ ಮಲಗುವವರೆಗೂ ಮುಚ್ಚುವ ಪದ್ಧತಿಯಿಲ್ಲ. ಹಗಲು ಹೊತ್ತು ಬೀಗವಿಲ್ಲದೆ ಬಾಗಿಲು ಮುಚ್ಚಿದೆ ಅಂದರೆ ಒಳಗೆ ಯಾರಿಗೋ ಏನೋ ಆಗಿದೆ. ಇವರ ಬಾಯಿಂದ "ಅಮ್ಮಾ" ಎಂದು ಹೊರಟಿತು. ಕೈಚೀಲ ಅಲ್ಲೇ ಬಿಟ್ಟು ಇಬ್ಬರೂ ಬಾಗಿಲು ಬಡಿದೆವು. ಒಳಗೆ ಏನೋ ಬಿದ್ದ ಸದ್ದಾಯಿತು, ಸರಸರ ಓಡಾಡಿದ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

ಓರಗಿತ್ತಿ ಬಾಗಿಲು ತೆಗೆದಳು. ಅವಳ ತಲೆಯಲ್ಲಿ ಒಂದು ಮೊಳ ಮಲ್ಲಿಗೆ. ಅವಳಿಗೆ ಒಂದು ಒಳ್ಳೆಯ ಸೀರೆಯಿದೆ, ನೇರಳೆ ಬಣ್ಣದ್ದು, ಮದುವೆ ಮುಂಜಿಗೆ ಮಾತ್ರ ತೆಗೆಯುವುದು, ಅದನ್ನು ಉಟ್ಟಿದ್ದಳು. ಹಿಂದೆ ಭಾವ ಗೋಡೆಗೆ ಮುಖಮಾಡಿ ನಿಂತು ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಬರುತ್ತದೆ ಎಂದು ಹುಡುಕುತ್ತಿದ್ದರು. ಅತ್ತೆಯವರು ಮಕ್ಕಳನ್ನು ಕರೆದುಕೊಂಡು ಮಾಟುಂಗಾದ ತಂಗಿಯ ಮನೆಗೆ ಹೋಗಿದ್ದರು, ಭಾನುವಾರ ಸಂಜೆಗೆ ವಾಪಸು. ಓರಗಿತ್ತಿಯ ಮುಖದಲ್ಲಿ ಅದುವರೆಗೂ ನಾನು ಒಂದು ದಿನವೂ ಕಾಣದ ನಗುವಿತ್ತು. ನಮ್ಮನ್ನು ನೋಡಿದ್ದೇ ಅದು ಬಾಡಿಹೋಯಿತು. ಮಕ್ಕಳ ಕೈಯಿಂದ ಮಿಠಾಯಿ ಕಿತ್ತುಕೊಂಡರೆ ಮುಖ ಹೇಗಾಗುತ್ತದೆ, ಹಾಗೆ.

"ಇಷ್ಟು ಬೇಗ ಬಂದ್ಬಿಟ್ರಾ?" ಅಂದಳು.

ಗಂಡಸರಿಬ್ಬರೂ ಕೂಡಲೇ ವ್ಯಾನಿನ ಎಂಜಿನ್ನು ನೋಡಲೆಂದು ಕೆಳಗೆ ಹೋದರು. ನಾನು ಅವಳ ಹಿಂದೆ ಅಡುಗೆಮನೆಗೆ ಹೋದೆ. ಅವಳು ಕಾಫಿಗೆ ನೀರಿಟ್ಟು ಬೆನ್ನು ಮಾಡಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಅಕ್ಕಾ ಎಂದೆ. ತಿರುಗದೆಯೇ ಅಂದಳು:

"ನನಗೆ ಮದುವೆಯಾಗಿ ಹನ್ನೊಂದು ವರ್ಷ ಆಯ್ತು ಕಣೇ. ಮೊದಲು ಮಾವನವರಿದ್ರು, ಆಮೇಲೆ ಮೈದುನನ ಓದು, ಆಮೇಲೆ ನೀನು ಬಂದೆ. ನೀನಾದ್ರೂ ಬೇರೆ ಮನೆ ಬೇಕು ಅಂತ ಕೇಳ್ತೀಯಾ, ಕೇಳ್ತೀಯಾ ಅಂತ ಒಂದೂವರೆ ವರ್ಷದಿಂದ ಕಾಯ್ತಾ ಇದ್ದೀನಿ. ನೀನು ಬಾಯೇ ಬಿಡಲಿಲ್ಲ. ಹಿರಿಯಳಾಗಿ ನಾನು ಹೋಗು ಅಂತ ಹೇಗೆ ಹೇಳ್ಲಿ?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಂದು ಗಂಟೆ ತೊಳೆಯುತ್ತಿದ್ದ ಆ ಸಾರಿನ ಪಾತ್ರೆ ನೆನಪಾಯಿತು. ಅವಳಿಗೆ ಮುಂದಿನ ಕೋಣೆಗೆ ಹೋಗಿ ಅತ್ತೆ, ಮಕ್ಕಳ ನಡುವೆ ಮಲಗುವುದು ಬೇಕಿರಲಿಲ್ಲ, ಅಷ್ಟೆ. ನನ್ನ ಸರದಿಯ ಹೊತ್ತು ಕದಿಯಬೇಕೆಂದಲ್ಲ. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ಕಾಫಿಯ ನೀರು ಕುದಿದು ಅರ್ಧ ಇಂಗಿಹೋಯಿತು.

ಭಾನುವಾರ ಅತ್ತೆಯವರು ಬಂದ ಮೇಲೆ ಅಕ್ಕನೇ ಮಾತೆತ್ತಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಅತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಲೂ ಇಲ್ಲ. ಯಾವಾಗ ಹೇಳ್ತೀರೋ ಅಂತಿದ್ದೆ ನಾನು, ದಿನಾ ಅಲ್ಲಿ ನಿಂತು ಕೆಮ್ಮೀ ಕೆಮ್ಮೀ ನನ್ನ ಗಂಟಲು ಹೋಯ್ತು ಅಂದರು. ನಮ್ಮ ಯಜಮಾನರು ಎದೆಯುಬ್ಬಿಸಿ, ನಾನೇ ಹೇಳೋಣ ಅಂತಿದ್ದೆ ಅಂದರು. ಒಂದೂವರೆ ವರ್ಷ ಆ ಹನ್ನೆರಡಡಿ ಕೋಣೆಯಲ್ಲಿ ನಾವೈದು ಜನ ದೊಡ್ಡವರು ಒಬ್ಬರಿಗೊಬ್ಬರು ಮುಲಾಜು ನೋಡುತ್ತ ಒಂದೇ ಮಾತನ್ನು ಬಾಯೊಳಗೆ ಇಟ್ಟುಕೊಂಡು ಕೂತಿದ್ದೆವು.

ಗೋರೆಗಾಂವ್‌ನಲ್ಲಿ, ಇವರ ಗೋಡೌನಿನ ಹತ್ತಿರವೇ, ಒಂದು ಕೋಣೆ ಸಿಕ್ಕಿತು. ಹೊರಡುವ ದಿನ ಭಾವ ಸಾಮಾನು ಸಾಗಿಸಲೆಂದು ಅರ್ಧ ದಿನ ರಜಾ ಹಾಕಿದ್ದರು. ಮೊದಲನೇ ಟ್ರಂಕು ಎತ್ತುತ್ತಲೇ ಸೊಂಟ ಹಿಡಿದುಕೊಂಡಿತು ಎಂದು ಕೂತುಬಿಟ್ಟರು. ಮಕ್ಕಳು ಸ್ಕೂಲಿಗೆ ಹೋಗಿದ್ದವು. ಹಾಲುಕ್ಕಿಸಲು ಅತ್ತೆ ನಮ್ಮ ಜೊತೆ ಹೊರಟರು. ಅಕ್ಕ ನನಗೆ ಕುಂಕುಮ ಇಟ್ಟು, ಸಂಜೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ, ಪಾಪ ಇವರಿಗೆ ಸೊಂಟನೋವು ಎಂದು ಹೊಸ್ತಿಲಲ್ಲೇ ನಿಂತಳು. ಕೈಚೀಲದಲ್ಲಿ ಮೈಸೂರಿನ ಕಾಗದ ಇನ್ನೂ ಇತ್ತು, ಹಾಕಿರಲಿಲ್ಲ. ಇವರಿಗೆ ಅದು ಎಲ್ಲಿದೆ ಎಂದು ಗೊತ್ತಿತ್ತೆಂದು ಕಾಣುತ್ತದೆ. ಕೈಚೀಲ ಮಾತ್ರ ನನ್ನ ಕೈಗೆ ಕೊಡದೆ ತಾವೇ ಹೆಗಲಿಗೆ ಹಾಕಿಕೊಂಡಿದ್ದರು.

ಕೊಡಿ, ನಾನು ಹಿಡ್ಕೋತೀನಿ ಅಂದೆ.

"ಇಲ್ಲ," ಅಂದರು.

ಮದುವೆಯಾದ ಮೇಲೆ ಆ ಮಾತು ಇವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಇನ್ನೂ ಅರ್ಧ ಇಳಿದಿರಲಿಲ್ಲ, ಹಾಡುಹಗಲು ಹನ್ನೊಂದು ಗಂಟೆ. ಮೇಲೆ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಮುಂದೆ ಇಳಿಯುತ್ತಿದ್ದ ಅತ್ತೆ ತಿರುಗಿ ನೋಡಲಿಲ್ಲ, ಕೆಮ್ಮಲೂ ಇಲ್ಲ.